ಯುಟಾದ ನೆಲ ಯಾರಪ್ಪನ ಆಸ್ತಿ?

ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕದ ಬಗ್ಗೆ ನಾನು ಬರೆದ ಲೇಖನಕ್ಕೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಜಾಸ್ತಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೂ ಬರೆದಿದ್ದಾರೆ, ಇಲ್ಲಿಯವರೂ ಬರೆದಿದ್ದಾರೆ. ಬರೀ ಬೈದವರನ್ನು ಬಿಡೋಣ. ಉಳಿದವರ ವಾದಗಳಿಗೆ ಉತ್ತರ ಕೊಡಲೇಬೇಕು. ಯುಟಾದ ರಾಜಕಾರಣಿಗಳು ಮೂರು ದಶಕಗಳಿಂದ ಹೇಳಿಕೊಂಡು ಬಂದ ಮಾತುಗಳೇ ಇವು, ಮತ್ತು ಕೇಳಲು ನ್ಯಾಯವಾಗಿಯೇ ಇವೆ.

ಆ ಲೇಖನ ಓದದವರಿಗಾಗಿ ಹಿನ್ನೆಲೆ ಇಷ್ಟು. ಅಮೆರಿಕದಲ್ಲಿ ರಾಷ್ಟ್ರೀಯ ಸ್ಮಾರಕವೆಂದರೆ ಗೋಪುರವೋ ಗೋರಿಯೋ ಆಗಬೇಕಿಲ್ಲ, ಇಡೀ ಒಂದು ಕಣಿವೆ ಸೀಮೆಯೂ ಸ್ಮಾರಕವಾಗಬಹುದು. 1906ರ ಆಂಟಿಕ್ವಿಟೀಸ್ ಕಾಯಿದೆಯ ಪ್ರಕಾರ, ಕೇಂದ್ರ ಸರ್ಕಾರದ ನೆಲದ ಮೇಲಿರುವ ಐತಿಹಾಸಿಕ ಅಥವಾ ವೈಜ್ಞಾನಿಕ ಮಹತ್ವದ ವಸ್ತುಗಳನ್ನು ಅಧ್ಯಕ್ಷರು ಒಂದು ಘೋಷಣೆಯ ಮೂಲಕ ರಕ್ಷಿಸಬಹುದು. ಯುಟಾದ ಆಗ್ನೇಯ ಮೂಲೆಯ ಸ್ಯಾನ್ ಹುವಾನ್ ಕೌಂಟಿಯಲ್ಲಿ ಕರಡಿಯ ಕಿವಿಗಳ ಹಾಗೆ ಎದ್ದು ನಿಂತ ಎರಡು ಗುಡ್ಡಗಳಿವೆ. ಅವುಗಳ ಸುತ್ತಲಿನ 13.5 ಲಕ್ಷ ಎಕರೆಯನ್ನು, ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡ ಪ್ರದೇಶವನ್ನು, ಬರಾಕ್ ಒಬಾಮ 2016ರ ಡಿಸೆಂಬರ್ 28ರಂದು ಸ್ಮಾರಕವೆಂದು ಘೋಷಿಸಿದರು. ಡೊನಾಲ್ಡ್ ಟ್ರಂಪ್ 2017ರ ಡಿಸೆಂಬರ್ 4ರಂದು ಅದರಲ್ಲಿ ಶೇ 85ರಷ್ಟನ್ನು ಕತ್ತರಿಸಿ ಹಾಕಿದರು, ಉಳಿದ ಸುಮಾರು 2 ಲಕ್ಷ ಎಕರೆಯನ್ನೂ ಎರಡು ತುಂಡು ಮಾಡಿದರು. ಅದೇ ದಿನ ಪಕ್ಕದ ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ಸ್ಮಾರಕವೂ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಜೋ ಬೈಡನ್ 2021ರ ಅಕ್ಟೋಬರ್‌ನಲ್ಲಿ ಎರಡನ್ನೂ ಮೊದಲಿನ ಸ್ಥಿತಿಗೆ ತಂದರು. ಯುಟಾ ಸರ್ಕಾರ ಕೋರ್ಟಿಗೆ ಹೋಯಿತು, 2023ರಲ್ಲಿ ಜಿಲ್ಲಾ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು, ರಾಜ್ಯ ಮೇಲ್ಮನವಿ ಹೂಡಿತು.

ಈಗ ತಕರಾರುಗಳು. ಮೊದಲನೆಯದು ಕನ್ನಡಿಗರಿಗೆ ನೇರ ನಾಟುವಂಥದ್ದು: ವಾಷಿಂಗ್ಟನ್ ಕೂತಲ್ಲೇ ನಕ್ಷೆಯ ಮೇಲೆ ಗೆರೆ ಎಳೆದು ರಾಜ್ಯದ ನೆಲವನ್ನು ಕಿತ್ತುಕೊಂಡಿತು, ಇದು ಒಕ್ಕೂಟ ತತ್ವಕ್ಕೇ ಅವಮಾನ ಎನ್ನುವುದು. ತೆರಿಗೆ ಪಾಲಿಗೆ, ಭಾಷೆಗೆ, ನದಿ ನೀರಿಗೆ ದೆಹಲಿಯೊಂದಿಗೆ ಗುದ್ದಾಡುತ್ತಲೇ ಇರುವ ನಮಗೆ ಯುಟಾದ ಕಡೆ ಮನಸ್ಸು ವಾಲುವುದು ಸಹಜ. ಕೇಂದ್ರ ಸರ್ಕಾರಗಳ ಮೇಲೆ ನನಗೂ ವಿಶೇಷ ಮಮತೆಯೇನಿಲ್ಲ. ಆದರೆ ನಮ್ಮ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ನಮ್ಮ ಸಂವಿಧಾನದಲ್ಲಿ ಭೂಮಿ ರಾಜ್ಯಪಟ್ಟಿಯ ವಿಷಯ. ಬೇರ್ಸ್ ಇಯರ್ಸ್‌ನ ಈ ನೆಲವಾದರೋ ಒಂದು ದಿನವೂ ಯುಟಾ ರಾಜ್ಯದ್ದಾಗಿರಲಿಲ್ಲ. 1848ರ ಒಪ್ಪಂದದಲ್ಲಿ ಮೆಕ್ಸಿಕೋ ಬಿಟ್ಟುಕೊಟ್ಟಾಗ ಅದು ಅಮೆರಿಕದ ಕೇಂದ್ರ ಸರ್ಕಾರದ ಕೈಸೇರಿತು. ಯುಟಾ ರಾಜ್ಯ ಹುಟ್ಟಿದ್ದು 1896ರಲ್ಲಿ. ರಾಜ್ಯವಾಗಲು ದಾರಿ ಮಾಡಿಕೊಟ್ಟ 1894ರ ಕಾಯಿದೆಯಲ್ಲಿ ಒಂದು ಷರತ್ತಿತ್ತು: ಯಾರಿಗೂ ಹಂಚಿಕೆಯಾಗದ ಸಾರ್ವಜನಿಕ ಭೂಮಿಯ ಮೇಲಿನ ಎಲ್ಲ ಹಕ್ಕನ್ನೂ ಯುಟಾದ ಜನ ಎಂದೆಂದಿಗೂ ಬಿಟ್ಟುಕೊಡಬೇಕು. ಯುಟಾ ಒಪ್ಪಿತು. ಒಪ್ಪಿದ್ದನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಅದಕ್ಕೆ ಪ್ರತಿಯಾಗಿ ಶಾಲೆ ಮೊದಲಾದವುಗಳ ಖರ್ಚಿಗೆಂದು ಸುಮಾರು 75 ಲಕ್ಷ ಎಕರೆಯನ್ನು ಪಡೆಯಿತು. ತನ್ನದಲ್ಲ ಎಂದು ರುಜು ಹಾಕಿಕೊಟ್ಟ ಆಸ್ತಿಯನ್ನು ಯಾರಾದರೂ ಹೇಗೆ ಕಿತ್ತುಕೊಳ್ಳುತ್ತಾರೆ?

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. 1930ರ ಆಸುಪಾಸಿನಲ್ಲಿ ಅಧ್ಯಕ್ಷ ಹರ್ಬರ್ಟ್ ಹೂವರ್ ಇಂಥ ನೆಲವನ್ನು ರಾಜ್ಯಗಳಿಗೆ ಬಿಟ್ಟುಕೊಡಲು ತಾವಾಗಿ ಮುಂದೆ ಬಂದಿದ್ದರು. ಷರತ್ತು ಒಂದೇ: ಮೇಲ್ಮೈ ಹಕ್ಕು ರಾಜ್ಯಕ್ಕೆ, ಅಡಿಯ ಖನಿಜ ಕೇಂದ್ರಕ್ಕೆ. ರಾಜ್ಯಗಳು ಬೇಡವೆಂದವು. ಬೇಡವೆಂದವರ ಮುಂಚೂಣಿಯಲ್ಲಿದ್ದವರು ಯುಟಾದ ಗವರ್ನರ್ ಜಾರ್ಜ್ ಡರ್ನ್. ಮೇಯಿಸಿ ಮೇಯಿಸಿ ಬರಡಾದ ನೆಲವನ್ನು ಖನಿಜವಿಲ್ಲದೆ ತೆಗೆದುಕೊಂಡು ಏನು ಮಾಡೋಣ ಎಂಬುದು ಅವರ ತರ್ಕ. ವ್ಯವಹಾರದ ದೃಷ್ಟಿಯಿಂದ ಸರಿಯಾದ ಮಾತೇ. ಆದರೆ ಆ ಮಾತಿನಲ್ಲಿ ರಾಜ್ಯದ ಸ್ವಾಭಿಮಾನ ಎಲ್ಲಿತ್ತು?

ಅದಾಗಿ ಸುಮಾರು ಒಂದು ಶತಮಾನದ ನಂತರ, 2024ರ ಆಗಸ್ಟ್‌ನಲ್ಲಿ, ಅದೇ ಯುಟಾ 1.85 ಕೋಟಿ ಎಕರೆ ಕೇಂದ್ರಭೂಮಿ ಕೇಂದ್ರದ ಬಳಿ ಇರುವುದೇ ಸಂವಿಧಾನಬಾಹಿರ ಎಂದು ನೇರ ಸುಪ್ರೀಂ ಕೋರ್ಟಿನ ಕದ ತಟ್ಟಿತು. ರಾಜ್ಯದ ಮೂರನೇ ಒಂದು ಭಾಗದಷ್ಟು ನೆಲ ಅದು. 2025ರ ಜನವರಿಯಲ್ಲಿ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಒಂದು ವೇಳೆ ಯುಟಾ ಗೆದ್ದಿದ್ದರೆ? ರಾಜ್ಯವೇ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿತ್ತು ಎಂದು ಡೆನ್ವರಿನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ. ರಾಜ್ಯಗಳು ಏನು ಮಾಡುತ್ತವೆ ಎಂದು ಊಹಿಸಬೇಕಾಗಿಲ್ಲ. ಈಗಾಗಲೇ ಪಡೆದದ್ದನ್ನು ಏನು ಮಾಡಿದವು ಎಂದು ನೋಡಿದರೆ ಸಾಕು. ನೆವಾಡ ತನಗೆ ಸಿಕ್ಕಿದ್ದ ಸುಮಾರು 27 ಲಕ್ಷ ಎಕರೆಯಲ್ಲಿ ಚೂರುಪಾರು ಬಿಟ್ಟು ಎಲ್ಲವನ್ನೂ ಮಾರಿಕೊಂಡಿದೆ. ಯುಟಾ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿದೆ. ಇದರಲ್ಲಿ ಅಧಿಕಾರಿಗಳ ದುರಾಸೆಯನ್ನು ಹುಡುಕುವುದು ಬೇಡ. ಆ ನೆಲ ಶಾಲೆಗಳ ಟ್ರಸ್ಟಿನದು, ಅದರಿಂದ ಸಾಧ್ಯವಾದಷ್ಟು ಹಣ ತರುವುದು ಟ್ರಸ್ಟಿನ ಕಾನೂನುಬದ್ಧ ಕರ್ತವ್ಯ. ಮಾರುವುದು ಅವರ ಕೆಲಸವೇ. 2016ರ ಅಕ್ಟೋಬರ್‌ನಲ್ಲಿ, ಅಂದರೆ ಒಬಾಮ ಘೋಷಣೆಗೆ ಇನ್ನೂ ಎರಡು ತಿಂಗಳಿರುವಾಗ, ಕೋಂಬ್ ರಿಡ್ಜ್ ಎಂಬ ಬಂಡೆಸಾಲಿನ ಮೇಲಿನ ಸುಮಾರು 390 ಎಕರೆ ಟ್ರಸ್ಟ್ ಭೂಮಿ 5 ಲಕ್ಷ ಡಾಲರಿಗೆ ಖಾಸಗಿಯವರ ಪಾಲಾಯಿತು. ಬೇರ್ಸ್ ಇಯರ್ಸ್ ಸೀಮೆಯ ಬೆನ್ನುಮೂಳೆಯಂಥ ಜಾಗ ಅದು. ಹರಾಜು ನಡೆಯಿತು, ಚೆಕ್ ಬಂತು, ಬೇಲಿ ಹಾಕುವ ಹಕ್ಕು ಕೊಂಡವರದಾಯಿತು. ಇಂಥ ವಾದಗಳನ್ನು ಕೇಳುವಾಗಲೆಲ್ಲ ನಾನು ಕೊನೆಯ ಪುಟಕ್ಕೆ ಹೋಗುತ್ತೇನೆ: ಇದೆಲ್ಲ ಆದ ಮೇಲೆ ಗೇಟಿನ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ?

ಎರಡನೆಯ ತಕರಾರು ಗಾತ್ರದ್ದು. ಕಾಯಿದೆ ಹೇಳುವುದು ಸರಿಯಾದ ರಕ್ಷಣೆಗೆ ಬೇಕಾದ ಅತ್ಯಂತ ಕಡಿಮೆ ವಿಸ್ತೀರ್ಣವೆಂದು, 13.5 ಲಕ್ಷ ಎಕರೆ ಯಾವ ಸೀಮೆಯ ಕಡಿಮೆ ಎಂದು ವಕೀಲರೊಬ್ಬರು ಕೇಳಿದ್ದಾರೆ. ಇದು ಗಟ್ಟಿ ವಾದ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೂಡ 2021ರಲ್ಲಿ ಅಟ್ಲಾಂಟಿಕ್ ಸಾಗರದ ಒಂದು ಸ್ಮಾರಕದ ಪ್ರಕರಣದಲ್ಲಿ ಇದೇ ಅನುಮಾನವನ್ನು ಎತ್ತಿದ್ದರು. ಆದರೆ ಗಾತ್ರದ ಜಗಳ ಹೊಸದಲ್ಲ. ಥಿಯೊಡೋರ್ ರೂಸ್‌ವೆಲ್ಟ್ ಕಾಯಿದೆಗೆ ಸಹಿ ಹಾಕಿ ಎರಡು ವರ್ಷ ತುಂಬುವ ಮೊದಲೇ, 1908ರ ಜನವರಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್‌ನ 8 ಲಕ್ಷಕ್ಕೂ ಹೆಚ್ಚು ಎಕರೆಯನ್ನು ಸ್ಮಾರಕ ಮಾಡಿದರು. ರಾಲ್ಫ್ ಕ್ಯಾಮರನ್ ಎಂಬಾತ ಆ ಕಣಿವೆಯ ಅಂಚಿನಲ್ಲಿ ಗಣಿ ಹಕ್ಕಿನ ಹೆಸರಿನಲ್ಲಿ ಜಾಗ ಹಿಡಿದು, ಬ್ರೈಟ್ ಏಂಜೆಲ್ ದಾರಿಯಲ್ಲಿ ಇಳಿಯುವವರಿಂದ ಸುಂಕ ಎತ್ತುತ್ತಿದ್ದ. ಅಷ್ಟು ದೊಡ್ಡ ಸ್ಮಾರಕ ಮಾಡುವ ಅಧಿಕಾರವೇ ಅಧ್ಯಕ್ಷರಿಗಿಲ್ಲ ಎಂದು ವಾದಿಸಿದ. 1920ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅವನ ವಾದವನ್ನು ತಳ್ಳಿಹಾಕಿತು. ಅದೇ ವರ್ಷ ಅರಿಜೋನಾದ ಜನ ಆತನನ್ನು ಸೆನೆಟರ್ ಆಗಿ ಆರಿಸಿ ಕಳಿಸಿದರು ಎಂಬುದನ್ನೂ ಹೇಳಬೇಕು. ಸೋತ ಗಣಿಗಾರ ಗೆದ್ದ ರಾಜಕಾರಣಿಯಾಗುವುದು ನಮ್ಮಲ್ಲಿ ಮಾತ್ರ ನಡೆಯುವ ಪವಾಡವೇನಲ್ಲ.

ಅಷ್ಟು ಜಾಗ ಯಾಕೆ ಬೇಕು ಎಂಬುದಕ್ಕೆ ಉತ್ತರ ಇದೇ ಸ್ಮಾರಕದೊಳಗಿನ ಸೀಡರ್ ಮೇಸಾದ ಯಾವುದೇ ಸಣ್ಣ ಕಮರಿಯಲ್ಲಿ ಸಿಗುತ್ತದೆ. ಬಂಡೆಯ ಪೊಟರೆಯೊಳಗೆ ಕಲ್ಲು ಜೋಡಿಸಿ ಮಣ್ಣು ಮೆತ್ತಿ ಕಟ್ಟಿದ ಕಣಜಗಳಿವೆ. ಏಳೆಂಟು ನೂರು ವರ್ಷಗಳ ಹಿಂದೆ ಮಣ್ಣು ಒತ್ತಿದವರ ಬೆರಳ ಗುರುತು ಅದರ ಮೇಲೆ ಇನ್ನೂ ಹಾಗೇ ಇದೆ. ಕೆಳಗಿನ ದೂಳಿನಲ್ಲಿ ಬೆರಳುದ್ದದ ಮುಸುಕಿನ ಜೋಳದ ದಿಂಡು, ಕಪ್ಪು ಗೆರೆಯ ಬಿಳಿ ಮಡಕೆಯ ಚೂರು. ಕಾವಲುಗಾರರಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ. ಇಂಥ ನೆಲೆಗಳು ಈ ಸೀಮೆಯಲ್ಲಿ ಒಂದು ಲಕ್ಷ ದಾಟುತ್ತವೆಂದು ಪುರಾತತ್ವಜ್ಞರ ಅಂದಾಜು, ಸರಿಯಾಗಿ ಸರ್ವೆಯಾಗಿರುವುದು ಶೇ 10ಕ್ಕೂ ಕಡಿಮೆ ಪ್ರದೇಶ. ಒಂದೊಂದು ಕಣಜದ ಸುತ್ತ ಒಂದೊಂದು ವೃತ್ತ ಬಿಡಿಸಿ ಉಳಿದದ್ದನ್ನು ಗಣಿಗೆ ಬಿಡಿ ಎಂದರೆ, ಇನ್ನೂ ಪಟ್ಟಿಗೇ ಸೇರದವನ್ನು ಹೇಗೆ ಉಳಿಸುವುದು? ಕಳ್ಳರಿಗೂ ಈ ಸೀಮೆ ಹಳೆಯ ಪರಿಚಯ. ಬ್ಲ್ಯಾಂಡಿಂಗ್ ಊರಿನ ಮೇಲೆ 1986ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಪುರಾತನ ವಸ್ತುಗಳ ಕಳ್ಳಸಾಗಣೆಯನ್ನು ಹಿಡಿಯಲು ದೊಡ್ಡ ದಾಳಿಗಳೇ ನಡೆದಿವೆ.

ಬಿಡಿ ಕಟ್ಟಡವನ್ನಷ್ಟೇ ಉಳಿಸಿದರೆ ಸಾಲದು ಎಂಬುದನ್ನು ನಾವು ಹಂಪಿಯಲ್ಲಿ ಕಲಿತಿದ್ದೇವೆ. 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿತು. ಕಾರಣ ಯಾರೋ ದೇವಾಲಯ ಕೆಡವಿದ್ದಲ್ಲ, ಆನೆಗೊಂದಿಗೆ ತುಂಗಭದ್ರೆಯ ಮೇಲೆ ಕಟ್ಟಲು ಹೊರಟ ಸೇತುವೆ. ಆಮೇಲೆ 2002ರಲ್ಲಿ ಹಂಪಿಗೆಂದೇ ಪ್ರತ್ಯೇಕ ಪ್ರಾಧಿಕಾರದ ಕಾಯಿದೆ ಬಂತು, 2006ರಲ್ಲಿ ಪಟ್ಟಿಯಿಂದ ಹೊರಬಂದೆವು. ಹಾಗೆಂದು ಹಂಪಿಯ ಕಥೆ ನನ್ನ ವಾದಕ್ಕೆ ಪೂರ್ತಿ ಅನುಕೂಲವಾಗಿಯೂ ಇಲ್ಲ. ರಕ್ಷಣೆಯ ಹೆಸರಿನಲ್ಲೇ 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಲಾಯಿತು. ಸ್ಮಾರಕಗಳ ಬಗ್ಗೆ ಸ್ಥಳೀಯರ ಹೆದರಿಕೆ ಸುಳ್ಳಲ್ಲ ಎಂದು ಅದಕ್ಕೇ ಒಪ್ಪುತ್ತೇನೆ.

ಇದರಿಂದ ಮೂರನೆಯ ತಕರಾರಿಗೆ ಬರಬಹುದು: ಸ್ಥಳೀಯರಿಗೆ ಬೇಡವಾದದ್ದನ್ನು ಹೇರಬಾರದು. ಬೇರ್ಸ್ ಇಯರ್ಸ್‌ನಲ್ಲಿ ಒಂದು ಮನೆಯನ್ನೂ ಎಬ್ಬಿಸಲಿಲ್ಲ. ಹಿಂದಿನಿಂದ ಇದ್ದ ಮೇವಿನ ಪರವಾನಗಿಗಳು ಹಾಗೇ ಉಳಿದವು, ಊರ್ಜಿತವಾಗಿದ್ದ ಗಣಿ ಹಕ್ಕುಗಳನ್ನೂ ಮುಟ್ಟಲಿಲ್ಲ. ಸೌದೆ, ಗಿಡಮೂಲಿಕೆ, ಕಾಡುಹಣ್ಣು ಕೂಡಿಸಿಕೊಳ್ಳಲು ಮೂಲನಿವಾಸಿಗಳಿಗೆ ಅವಕಾಶವಿರಬೇಕೆಂದು ಘೋಷಣೆಯಲ್ಲೇ ಬರೆದಿದೆ. ಅದಿರಲಿ, ಸ್ಥಳೀಯರು ಎಂದರೆ ಯಾರು? ಸ್ಯಾನ್ ಹುವಾನ್ ಕೌಂಟಿಯ ಜನಸಂಖ್ಯೆ 15 ಸಾವಿರದ ಆಸುಪಾಸು, ಅದರಲ್ಲಿ ಅರ್ಧದಷ್ಟು ನವಾಹೋ ಬುಡಕಟ್ಟಿನ ಮೂಲನಿವಾಸಿಗಳು. ಯುಟಾದಲ್ಲಿ ಮೀಸಲು ಪ್ರದೇಶದ ಮೂಲನಿವಾಸಿಗಳಿಗೆ ಮತದಾನಕ್ಕಿದ್ದ ತಡೆ ತೆರವಾದದ್ದು 1957ರಲ್ಲಿ. ಕೌಂಟಿ ಕಮಿಷನ್ನಿನಲ್ಲಿ ಅವರಿಗೆ ಮೊದಲ ಬಾರಿ ಬಹುಮತ ಬಂದದ್ದು 2018ರಲ್ಲಿ, ಅದೂ ಕೇಂದ್ರ ನ್ಯಾಯಾಲಯ ಕ್ಷೇತ್ರಗಳ ಗಡಿಯನ್ನು ಮತ್ತೆ ಬರೆಸಿದ ಮೇಲೆ. ಬಂದ ಕೂಡಲೇ ಆ ಕಮಿಷನ್ ಸ್ಮಾರಕ ವಿರೋಧಿ ನಿಲುವನ್ನು ಕೈಬಿಟ್ಟಿತು. ಅದಕ್ಕೆ ಮೊದಲು ಸ್ಥಳೀಯರ ಹೆಸರಿನಲ್ಲಿ ಮಾತಾಡಿದವರು ಅರ್ಧ ಊರಿನ ಪರವಾಗಿ ಮಾತಾಡುತ್ತಿದ್ದರು. ಸ್ಮಾರಕ ಬೇಡವೆಂದ ನವಾಹೋಗಳೂ ಇದ್ದರು, ಆಗ ಕಮಿಷನರ್ ಆಗಿದ್ದ ರೆಬೆಕಾ ಬೆನಾಲಿ ಅವರಲ್ಲೊಬ್ಬರು. ಆದರೆ ಬೇಕೆಂದು ಕೇಳಿದ್ದು ಹೋಪಿ, ನವಾಹೋ, ಝುನಿ ಮತ್ತು ಎರಡು ಯೂಟ್ ಬುಡಕಟ್ಟುಗಳ ಸರ್ಕಾರಗಳು. 2015ರಲ್ಲಿ ಅವು ಒಟ್ಟಾಗಿ ಕೇಳಿದ್ದು 19 ಲಕ್ಷ ಎಕರೆ. ಒಬಾಮ ಕೊಟ್ಟದ್ದು ಅದಕ್ಕಿಂತ ಕಡಿಮೆ.

ಸ್ಥಳೀಯರ ಸಿಟ್ಟು ಕಾಲಕ್ರಮದಲ್ಲಿ ಏನಾಗುತ್ತದೆ ಎಂಬುದಕ್ಕೆ ವಯೋಮಿಂಗ್‌ನ ಜಾಕ್ಸನ್ ಹೋಲ್ ಒಂದು ಉದಾಹರಣೆ. 1943ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ಸ್ಮಾರಕ ಮಾಡಿದಾಗ ದನಗಾಹಿಗಳು ಬಂದೂಕು ಹಿಡಿದು, ಹಾಲಿವುಡ್ ನಟ ವಾಲೇಸ್ ಬೀರಿಯನ್ನೂ ಜೊತೆಗಿಟ್ಟುಕೊಂಡು, ದನಗಳ ಹಿಂಡನ್ನು ಆ ನೆಲದ ಮೇಲೆ ಹಾಯಿಸಿ ಪ್ರತಿಭಟಿಸಿದರು. 1950ರಲ್ಲಿ ಅದು ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದೊಳಗೆ ಸೇರಿತು. ಆ ಹಿಂಡಿನ ಜೊತೆಗಿದ್ದ ಕ್ಲಿಫರ್ಡ್ ಹ್ಯಾನ್ಸನ್ ಮುಂದೆ ಗವರ್ನರ್ ಆದರು, ಸೆನೆಟರ್ ಆದರು. ಆ ಹೋರಾಟದಲ್ಲಿ ತಾವು ಸೋತದ್ದೇ ಒಳ್ಳೆಯದಾಯಿತು ಎಂದು ಮುಪ್ಪಿನಲ್ಲಿ ಬಹಿರಂಗವಾಗಿಯೇ ಹೇಳಿಕೊಂಡರು. ಯುಟಾದ್ದೂ ಇದೇ ಕಥೆ. ರಾಜ್ಯದ ಪ್ರವಾಸೋದ್ಯಮ ಇಲಾಖೆ ಜಗತ್ತಿಗೆಲ್ಲ ಜಾಹೀರಾತು ಕೊಟ್ಟು ಮೆರೆಸುವ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಝಯಾನ್, ಬ್ರೈಸ್, ಆರ್ಚಸ್, ಕ್ಯಾಪಿಟಲ್ ರೀಫ್, ಈ ನಾಲ್ಕೂ ಹುಟ್ಟಿದ್ದು ಅಧ್ಯಕ್ಷರು ಘೋಷಿಸಿದ ಸ್ಮಾರಕಗಳಾಗಿ.

ಆ ನೆಲವೇ ಮೂಲನಿವಾಸಿಗಳಿಂದ ಕದ್ದದ್ದು, ಕದ್ದವರು ರಕ್ಷಣೆಯ ಮಾತಾಡುವುದು ನಾಟಕ ಎಂದು ಎಡಪಂಥೀಯ ಮಿತ್ರರೊಬ್ಬರು ಬರೆದಿದ್ದಾರೆ. ಕದ್ದದ್ದು ನಿಜ. ಆದರೆ ಟ್ರಂಪ್ ಕತ್ತರಿ ಹಾಕಿದ ದಿನವೇ ಕೋರ್ಟಿಗೆ ಹೋದವರು ಆ ಬುಡಕಟ್ಟುಗಳು. 2022ರಲ್ಲಿ ಕೇಂದ್ರದ ಜೊತೆ ಜಂಟಿ ನಿರ್ವಹಣೆಯ ಒಪ್ಪಂದಕ್ಕೆ ಸಹಿ ಹಾಕಿದವರೂ ಅವರೇ. ನಾಟಕವೋ ಅಲ್ಲವೋ ಎಂಬುದನ್ನು ಬೆಂಗಳೂರಿನಲ್ಲಿ ಕೂತು ನಾವು ತೀರ್ಮಾನಿಸಬೇಕಿಲ್ಲ.

ಇನ್ನು ಉದ್ಯೋಗ ಮತ್ತು ದೇಶದ ಇಂಧನ. ಗಣಿ ಬಂದರೆ ಕೆಲಸ ಬರುತ್ತದೆ ಎಂಬ ಮಾತಿನ ಪೂರ್ವೋತ್ತರಗಳನ್ನು ಸಂಡೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗ್ರ್ಯಾಂಡ್ ಸ್ಟೇರ್‌ಕೇಸ್‌ನ ಕೈಪರೋವಿಟ್ಸ್ ಪ್ರಸ್ಥಭೂಮಿಯ ಅಡಿಯಲ್ಲಿ ಕಲ್ಲಿದ್ದಲು ಅಪಾರ. ಬಿಲ್ ಕ್ಲಿಂಟನ್ 1996ರಲ್ಲಿ ಅದನ್ನು ಸ್ಮಾರಕ ಮಾಡಿ ಸಾವಿರಾರು ಜನರ ಅನ್ನ ಕಸಿದರು ಎಂಬ ಆಪಾದನೆ ಅಂದಿನಿಂದಲೂ ಇದೆ. ಸರಿ, 2017ರ ಕತ್ತರಿಯ ನಂತರ ಹೆಚ್ಚುಕಡಿಮೆ ನಾಲ್ಕು ವರ್ಷ ಬಾಗಿಲು ತೆರೆದೇ ಇತ್ತಲ್ಲ, ಎಷ್ಟು ಕಲ್ಲಿದ್ದಲು ಗಣಿ ಶುರುವಾದವು? ಒಂದೂ ಇಲ್ಲ. ಆ ಭಾಗದ ದೈತ್ಯ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಪೇಜ್ ಊರಿನ ಬಳಿಯ ನವಾಹೋ ಜನರೇಟಿಂಗ್ ಸ್ಟೇಷನ್, 2019ರಲ್ಲಿ ತಾನೇ ಮುಚ್ಚಿತು. ಕಲ್ಲಿದ್ದಲಿಗೆ ಗಿರಾಕಿ ಇರಲಿಲ್ಲ. ಅದೇ ಪ್ರಸ್ಥಭೂಮಿಯಿಂದ ಸ್ಮಾರಕದ ಕಾಲದಲ್ಲಿ ಹೊರಬಂದದ್ದು ಬೇರೆಯೇ ಸಂಪತ್ತು: ತಲೆಗೆ ಹದಿನೈದು ಕೊಂಬು ಹೊತ್ತ ಕಾಸ್ಮೋಸೆರಾಟಾಪ್ಸ್ ಸೇರಿ, ಜಗತ್ತಿನಲ್ಲಿ ಬೇರೆಲ್ಲೂ ಕಂಡಿರದ ಡೈನೊಸಾರ್‌ಗಳ ಸಾಲು.

ಯುರೇನಿಯಂ ವಿಷಯ ಇನ್ನೂ ಸ್ಪಷ್ಟ. ಬೇರ್ಸ್ ಇಯರ್ಸ್ ಗಡಿಯ ಪಕ್ಕದಲ್ಲೇ ಎನರ್ಜಿ ಫ್ಯೂಯೆಲ್ಸ್ ಕಂಪನಿಯ ವೈಟ್ ಮೇಸಾ ಯುರೇನಿಯಂ ಕಾರ್ಖಾನೆಯಿದೆ, ಅದರ ನೆರಳಿನಲ್ಲೇ ಯೂಟ್ ಬುಡಕಟ್ಟಿನ ಊರಿದೆ. ಗಡಿಯನ್ನು ಬದಲಿಸಿ ಎಂದು ಆ ಕಂಪನಿ 2017ರಲ್ಲಿ ಕೇಂದ್ರಭೂಮಿಯನ್ನು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಗೆ ಪತ್ರ ಬರೆದಿತ್ತು. ತಾನು ಕೇಳಿದ್ದು ಸಣ್ಣ ಬದಲಾವಣೆ ಮಾತ್ರ ಎಂಬುದು ಕಂಪನಿಯ ಸಮಜಾಯಿಷಿ. ಯುಟಾ ಸೆನೆಟರ್ ಆರಿನ್ ಹ್ಯಾಚ್ ಅವರ ಕಚೇರಿಯಿಂದ ಅದೇ ವರ್ಷದ ಮಾರ್ಚ್‌ನಲ್ಲಿ ಇಲಾಖೆಗೆ ಒಂದು ನಕ್ಷೆ ಹೋಗಿದ್ದು ಆಮೇಲೆ ಬಯಲಾದ ಇಮೇಲ್‌ಗಳಿಂದ ತಿಳಿಯಿತು. ಶಾಲೆಗಳ ಟ್ರಸ್ಟ್ ಭೂಮಿಯ ಖನಿಜ ಮಕ್ಕಳ ಓದಿಗೆ ಸಿಗಲಿ ಎಂಬ ಉದ್ದೇಶ ಎಂದು ಅವರ ಕಡೆಯವರು ಹೇಳಿದರು. ಹಾಗಿದ್ದರೆ ಅದಕ್ಕೆ ಬೇರೆ ದಾರಿ ಇತ್ತು. ಗ್ರ್ಯಾಂಡ್ ಸ್ಟೇರ್‌ಕೇಸ್‌ನೊಳಗೆ ಸಿಕ್ಕಿಕೊಂಡಿದ್ದ ಶಾಲಾ ಭೂಮಿಗೆ ಬದಲಿಯಾಗಿ ಬೇರೆಡೆ ನೆಲ, ಖನಿಜ ಮತ್ತು 5 ಕೋಟಿ ಡಾಲರ್ ನಗದನ್ನು 1998ರಲ್ಲಿ ಇದೇ ಯುಟಾ ಸಂತೋಷವಾಗಿ ಎಣಿಸಿಕೊಂಡಿದೆ.

ಯಾರನ್ನೂ ಕೇಳದೆ ರಾತ್ರೋರಾತ್ರಿ ಮಾಡಿದ ಘೋಷಣೆ ಎಂಬ ಆಕ್ಷೇಪ ಕ್ಲಿಂಟನ್ ಮಟ್ಟಿಗೆ ಬಹುಪಾಲು ನಿಜ. ಚುನಾವಣೆಯ ಹೊಸ್ತಿಲಲ್ಲಿ, ಯುಟಾದ ನೆಲದ ಬಗ್ಗೆ ಪಕ್ಕದ ಅರಿಜೋನಾದಲ್ಲಿ ನಿಂತು ಘೋಷಿಸಿದ್ದು ಹೇಡಿತನ. ಒಬಾಮ ಮಟ್ಟಿಗೆ ಅದು ಸುಳ್ಳು. ಬುಡಕಟ್ಟುಗಳ ಅರ್ಜಿ ವರ್ಷ ಮೊದಲೇ ಬಂದಿತ್ತು. ಇಂಟೀರಿಯರ್ ಕಾರ್ಯದರ್ಶಿ ಸ್ಯಾಲಿ ಜ್ಯುವೆಲ್ 2016ರ ಜುಲೈನಲ್ಲಿ ಬ್ಲಫ್ ಊರಿಗೇ ಬಂದು ಬಹಿರಂಗ ಸಭೆ ನಡೆಸಿದ್ದರು. 2017ರಲ್ಲಿ ಟ್ರಂಪ್ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ, ಬಂದವುಗಳಲ್ಲಿ ಬಹುಪಾಲು ಸ್ಮಾರಕಗಳನ್ನು ಹಾಗೇ ಇಡಿ ಎಂಬವೇ ಎಂದು ಇಲಾಖೆಯ ವರದಿಯೇ ಒಪ್ಪಿಕೊಂಡಿತ್ತು. ಕತ್ತರಿಸಿದ್ದು ಅದಾದ ಮೇಲೆ.

ಕೊನೆಯದು ಕಾನೂನಿನ ತಕರಾರು: ಒಬ್ಬ ಅಧ್ಯಕ್ಷ ಮಾಡಿದ್ದನ್ನು ಇನ್ನೊಬ್ಬ ಅಳಿಸಿದರೆ ತಪ್ಪೇನು? ಕಾಯಿದೆಯನ್ನು ಓದಿ. ಘೋಷಿಸುವ ಅಧಿಕಾರವನ್ನು ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್ಸು, ಅಧ್ಯಕ್ಷರಿಗೆ ಕೊಟ್ಟಿದೆ, ರದ್ದು ಮಾಡುವ ಬಗ್ಗೆ ಒಂದಕ್ಷರವೂ ಇಲ್ಲ. ಸಾರ್ವಜನಿಕ ಆಸ್ತಿಯ ಮೇಲಿನ ಮೂಲ ಅಧಿಕಾರ ಕಾಂಗ್ರೆಸ್ಸಿನದು, ಕೊಟ್ಟಷ್ಟು ಮಾತ್ರ ಅಧ್ಯಕ್ಷರದು. ರದ್ದು ಮಾಡಲು ಬರುವುದಿಲ್ಲವೆಂದು 1938ರಲ್ಲೇ ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಅಭಿಪ್ರಾಯ ಕೊಟ್ಟಿದ್ದರು. ಕಿರಿದುಗೊಳಿಸಿದ ಉದಾಹರಣೆಗಳೇನೋ ಇವೆ. 1915ರಲ್ಲಿ ವುಡ್ರೋ ವಿಲ್ಸನ್ ಮೌಂಟ್ ಒಲಿಂಪಸ್ ಸ್ಮಾರಕವನ್ನು ಅರ್ಧ ಮಾಡಿದ್ದರು. ಆದರೆ ಅದನ್ನು ಯಾರೂ ಕೋರ್ಟಿನಲ್ಲಿ ಒರೆಗೆ ಹಚ್ಚಲಿಲ್ಲ. 2025ರಲ್ಲಿ ಟ್ರಂಪ್‌ರ ನ್ಯಾಯ ಇಲಾಖೆ ಕಮಿಂಗ್ಸ್ ಅಭಿಪ್ರಾಯವನ್ನು ತಿರುಗಿಸಿ, ಅಧ್ಯಕ್ಷರು ಸ್ಮಾರಕವನ್ನು ಪೂರ್ತಿ ಅಳಿಸಲೂಬಹುದು ಎಂದು ಬರೆದುಕೊಟ್ಟಿದೆ. ಇಲಾಖೆಯ ಅಭಿಪ್ರಾಯ ಕೋರ್ಟಿನ ತೀರ್ಪಲ್ಲ. ಅಳಿಸುವುದೇ ಆದರೆ ಕಾಂಗ್ರೆಸ್ಸಿಗೆ ಹೋಗಿ ಬಹುಮತ ತೋರಿಸಿ ಅಳಿಸಬಹುದು, ಆ ದಾರಿ ಸದಾ ತೆರೆದಿದೆ.

ಆ ದಾರಿಯನ್ನು ಯಾಕೆ ಹಿಡಿಯುವುದಿಲ್ಲ ಎಂಬುದೂ 2025ರ ಜೂನ್‌ನಲ್ಲಿ ಗೊತ್ತಾಯಿತು. ಯುಟಾದ ಸೆನೆಟರ್ ಮೈಕ್ ಲೀ ಪಶ್ಚಿಮದ ರಾಜ್ಯಗಳಲ್ಲಿ 20 ಲಕ್ಷ ಎಕರೆಗೂ ಮೀರಿದ ಸಾರ್ವಜನಿಕ ಭೂಮಿಯನ್ನು ಮಾರುವ ಪ್ರಸ್ತಾಪವನ್ನು ಬಜೆಟ್ ಮಸೂದೆಯೊಳಗೆ ತೂರಿಸಿದರು. ಮನೆ ಕಟ್ಟಿಕೊಳ್ಳಲು ಜನರಿಗೆ ಜಾಗ ಬೇಕು ಎಂದರು. ತಿರುಗಿಬಿದ್ದವರು ಪರಿಸರವಾದಿಗಳಷ್ಟೇ ಅಲ್ಲ. ಬೇಟೆಗಾರರು, ಮೀನು ಹಿಡಿಯುವವರು, ಮೊಂಟಾನಾದ ರಿಪಬ್ಲಿಕನ್ ಸಂಸದರು, ಅಂದರೆ ಲೀ ಅವರ ಸ್ವಂತ ಪಕ್ಷದವರೇ. ತಿಂಗಳು ಮುಗಿಯುವುದರೊಳಗೆ ಅವರು ಆ ಪ್ರಸ್ತಾಪವನ್ನು ಹಿಂದಕ್ಕೆ ತೆಗೆದುಕೊಂಡರು.